ಹಾಲು ಬಿಟ್ಟ ಊಟವೂ ಸಕ್ಕರೆರೋಗವೂ

ಊಟ ಬಲ್ಲವನಿಗೆ ರೋಗವಿಲ್ಲವೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಆದರೆ ಊಟವನ್ನು ಬಲ್ಲವರಾರು? ಈಚೆಗೆ ಈ ಪ್ರಶ್ನೆಗೆ ಮೊಬೈಲಿನ ಮೂಲಕ ಮನೆಮನೆಗೂ ಒಂದು ಹೊಸ ಉತ್ತರ ಬಂದು ಮುಟ್ಟಿದೆ. ಮಾಂಸವನ್ನಷ್ಟೇ ಅಲ್ಲ, ಹಾಲು, ಮೊಸರು, ತುಪ್ಪಗಳನ್ನೂ ಬಿಟ್ಟುಬಿಡಿರಿ; ಸಕ್ಕರೆರೋಗ ಹೋಗುತ್ತದೆ, ಹೃದಯ ಗಟ್ಟಿಯಾಗುತ್ತದೆ ಎಂಬುದೇ ಆ ಉತ್ತರ. ಹಾನಗಲ್ಲ, ಶಿಗ್ಗಾಂವ, ಸವಣೂರ, ಹಿರೇಕೆರೂರ ತಾಲೂಕುಗಳ ಹಳ್ಳಿಗಳಿಂದ ಕಾಲೇಜಿಗೆ ಬರುವ ನಮ್ಮಲ್ಲಿ ಮನೆಯಲ್ಲೊಬ್ಬರು ಸಕ್ಕರೆಯ ಗುಳಿಗೆ ನುಂಗದಿರುವ ಗೆಳೆಯರು ಕಡಿಮೆ. ಆದಕಾರಣ ಈ ಮಾತಿನಲ್ಲಿ ಹುರುಳೆಷ್ಟು, ಹೊಟ್ಟೆಷ್ಟು ಎಂಬುದನ್ನು ಕೇರಿ ನೋಡುವುದು ಅವಶ್ಯವೆಂದು ನನಗೆ ತೋರಿತು.

ಇಂಥ ಊಟಕ್ಕೆ 'ವೀಗನ್' ಎಂಬ ಹೆಸರು ಹುಟ್ಟಿದ್ದು ೧೯೪೪ರಲ್ಲಿ, ಇಂಗ್ಲೆಂಡಿನಲ್ಲಿ. ಡೊನಾಲ್ಡ್ ವಾಟ್ಸನ್ ಎಂಬವರೂ ಅವರ ಕೆಲವು ಜನ ಸಂಗಡಿಗರೂ ಸೇರಿ ಒಂದು ಸಂಘ ಕಟ್ಟಿ ಈ ಹೆಸರನ್ನು ಬಳಕೆಗೆ ತಂದರು. ಪ್ರಾಣಿಯಿಂದ ಬಂದ ಯಾವುದನ್ನೂ, ಜೇನನ್ನು ಸಹ, ಉಣ್ಣಬಾರದೆಂಬುದು ಅವರ ನಿಯಮ. ನಮ್ಮ ಕಡೆ ಸಸ್ಯಾಹಾರ ಹೊಸದಲ್ಲ. ಆದರೆ ನಮ್ಮ ಸಸ್ಯಾಹಾರಕ್ಕೆ ಹಾಲುಹೈನವೇ ಕಿರೀಟ. ತುಪ್ಪವಿಲ್ಲದ ಹೋಳಿಗೆಯನ್ನು ಅತಿಥಿಯ ಮುಂದಿಡಲು ಯಾವ ತಾಯಿಗೂ ಮನಸ್ಸು ಬಾರದು. ಹಾಗಿದ್ದರೂ ಒಂದು ಮಾತನ್ನು ಮರೆಯುವಂತಿಲ್ಲ. ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗುವ ಕೂಲಿಕಾರನ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಉಳ್ಳಾಗಡ್ಡಿಗಳ ಊಟ ಈ ನಿಯಮಕ್ಕೆ ಎಂದಿನಿಂದಲೂ ಒಪ್ಪುವಂಥದೇ. ಎಮ್ಮೆ ಕಟ್ಟಿದ ಬಡವನೂ ಹಾಲನ್ನು ಡೇರಿಗೆ ಹಾಕಿ ದುಡ್ಡು ಎಣಿಸಿಕೊಳ್ಳುತ್ತಾನೆಯೇ ಹೊರತು ತಾನು ಕುಡಿಯುವುದು ಚಹದೊಳಗಿನ ಹನಿಯಷ್ಟನ್ನೇ. ಉಳ್ಳವರು ವ್ರತವಾಗಿ ಹಿಡಿಯುವ ಊಟವನ್ನು ಇಲ್ಲದವರು ಅನಿವಾರ್ಯವಾಗಿ ಉಣ್ಣುತ್ತ ಬಂದಿದ್ದಾರೆ.

ರೋಗದ ವಿಸ್ತಾರವನ್ನು ಮೊದಲು ನೋಡೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು ೨೦೨೩ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸುಮಾರು ೧೦ ಕೋಟಿ ೧೦ ಲಕ್ಷ ಜನರಿಗೆ ಸಕ್ಕರೆರೋಗವಿದೆ; ಇನ್ನು ೧೩ ಕೋಟಿ ೬೦ ಲಕ್ಷ ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ಇದು ಶ್ರೀಮಂತರ ರೋಗವೆಂಬ ಕಾಲ ಹೋಯಿತು. ಉಂಡ ಅನ್ನ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ಅದನ್ನು ಸ್ನಾಯುಗಳ ಕೋಶದೊಳಗೆ ಬಿಡುವ ಬೀಗದಕೈಯೇ ಇನ್ಸುಲಿನ್. ಸ್ನಾಯುವಿನಲ್ಲಿಯೂ ಯಕೃತ್ತಿನಲ್ಲಿಯೂ ಕೊಬ್ಬು ಸೇರಿದಾಗ ಬೀಗಕ್ಕೆ ತುಕ್ಕು ಹಿಡಿದಂತಾಗುತ್ತದೆ. ಕೈ ಇದ್ದರೂ ತಿರುಗುವುದಿಲ್ಲ. ಆಗ ಸಕ್ಕರೆ ರಕ್ತದಲ್ಲಿಯೇ ನಿಂತು ಕಣ್ಣು, ಮೂತ್ರಪಿಂಡ, ನರ, ರಕ್ತನಾಳಗಳನ್ನು ಕೆಡಿಸುತ್ತ ಹೋಗುತ್ತದೆ. ಸಕ್ಕರೆರೋಗವೂ ಹೃದಯರೋಗವೂ ಒಂದೇ ಮನೆಯಲ್ಲಿ ಕೂಡಿ ಕಾಣಿಸಿಕೊಳ್ಳಲು ಇದೇ ಕಾರಣ.

ಈಗ ಪ್ರಯೋಗಗಳ ವಿಷಯ. ಅಮೇರಿಕೆಯ ನೀಲ್ ಬರ್ನಾರ್ಡ್ ಎಂಬ ವೈದ್ಯರೂ ಅವರ ಸಹಾಯಕರೂ ೯೯ ಜನ ಸಕ್ಕರೆರೋಗಿಗಳನ್ನು ಎರಡು ಪಂಗಡ ಮಾಡಿದರು. ಒಂದು ಪಂಗಡಕ್ಕೆ ಕೊಬ್ಬು ಕಡಿಮೆಯಿರುವ ವೀಗನ್ ಊಟ. ಇನ್ನೊಂದಕ್ಕೆ ಅಲ್ಲಿಯ ಮಧುಮೇಹ ಸಂಘ ಹೇಳಿದ ಊಟ. ೨೨ ವಾರಗಳಾದ ಮೇಲೆ ಪರೀಕ್ಷಿಸಿ, ಫಲವನ್ನು ೨೦೦೬ರಲ್ಲಿ ಪ್ರಕಟಿಸಿದರು. ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತಿಳಿಸುವ 'ಎಚ್‌ಬಿಎ೧ಸಿ' ಎಂಬ ಅಳತೆಯು ವೀಗನ್ ಪಂಗಡದಲ್ಲಿ ೦.೯೬ರಷ್ಟು, ಇನ್ನೊಂದರಲ್ಲಿ ೦.೫೬ರಷ್ಟು ಇಳಿದಿತ್ತು. ಈ ಅಂತರ ಆಕಸ್ಮಿಕವಲ್ಲವೆಂದು ನಿಶ್ಚಯವಾಗಿ ಹೇಳುವಷ್ಟು ದೊಡ್ಡದಿರಲಿಲ್ಲ. ಆದರೆ ನಡುವೆ ಔಷಧಿ ಬದಲಾಗದಿದ್ದವರನ್ನಷ್ಟೇ ಲೆಕ್ಕಕ್ಕೆ ಹಿಡಿದಾಗ ಇಳಿತ ೧.೨೩ ಮತ್ತು ೦.೩೮, ಇದು ಸ್ಪಷ್ಟವಾದ ಅಂತರ. ತೂಕವೂ ಮೊದಲಿನವರಲ್ಲಿ ಸುಮಾರು ಆರೂವರೆ ಕಿಲೋ, ಎರಡನೆಯವರಲ್ಲಿ ಮೂರು ಕಿಲೋದಷ್ಟು ಇಳಿದಿತ್ತು. ಇಲ್ಲಿ ಗಮನಿಸತಕ್ಕ ಸಂಗತಿಯೆಂದರೆ ಎರಡೂ ಪಂಗಡಗಳಿಗೆ ಗುಣ ಕಂಡಿತು. ಹಾಲು ಬಿಟ್ಟದ್ದೊಂದೇ ಕಾರಣವಲ್ಲ. ಎಣ್ಣೆ ಇಳಿಸಿದ್ದು, ನಾರು ಹೆಚ್ಚಿಸಿದ್ದು, ತೂಕ ತಗ್ಗಿದ್ದು ಎಲ್ಲವೂ ಕೂಡಿ ಕೆಲಸ ಮಾಡಿವೆ.

ಹೃದಯದ ಮಟ್ಟಿಗೆ ಸಾಕ್ಷ್ಯ ಇನ್ನೂ ಗಟ್ಟಿಯಾಗಿದೆ. ಬೆಣ್ಣೆ, ತುಪ್ಪ, ಮಾಂಸಗಳಲ್ಲಿರುವ ಪರ್ಯಾಪ್ತ ಕೊಬ್ಬು ಹೆಚ್ಚಾದಾಗ ಕೆಟ್ಟ ಕೊಲೆಸ್ಟರಾಲನ್ನು ರಕ್ತದಿಂದ ಹಿಡಿದೆಳೆದುಕೊಳ್ಳುವ ಯಕೃತ್ತಿನ ಶಕ್ತಿ ಕುಂದುತ್ತದೆ. ಕಾಳು, ತರಕಾರಿಗಳ ಕರಗುವ ನಾರು ಇದಕ್ಕೆ ವಿರುದ್ಧವಾಗಿ, ಕರುಳಿನಲ್ಲಿ ಪಿತ್ತವನ್ನು ಹಿಡಿದು ಹೊರಗೆ ಸಾಗಿಸುತ್ತದೆ; ಹೊಸ ಪಿತ್ತ ತಯಾರಿಸಲು ಯಕೃತ್ತು ರಕ್ತದ ಕೊಲೆಸ್ಟರಾಲನ್ನೇ ಬಳಸಬೇಕಾಗುತ್ತದೆ. ೨೦೨೩ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಯೋಗ ಬಹಳ ಸ್ವಾರಸ್ಯವಾದುದು. ತದ್ರೂಪಿ ಅವಳಿಗಳ ೨೨ ಜೋಡಿಗಳನ್ನು ಆರಿಸಿ, ಒಬ್ಬರಿಗೆ ವೀಗನ್ ಊಟ, ಇನ್ನೊಬ್ಬರಿಗೆ ಮಾಂಸವೂ ಇರುವ ಒಳ್ಳೆಯ ಊಟವನ್ನು ೮ ವಾರ ಉಣಿಸಿದರು. ಹುಟ್ಟುಗುಣ ಒಂದೇ ಆದುದರಿಂದ ಅಂತರಕ್ಕೆ ಊಟವೇ ಕಾರಣ. ವೀಗನ್ ಊಟ ಉಂಡವರಲ್ಲಿ ಕೆಟ್ಟ ಕೊಲೆಸ್ಟರಾಲು ಡೆಸಿಲೀಟರಿಗೆ ಸುಮಾರು ೧೪ ಮಿಲಿಗ್ರಾಂನಷ್ಟು ಹೆಚ್ಚಾಗಿ ತಗ್ಗಿತ್ತು. ಬರಿಹೊಟ್ಟೆಯ ಇನ್ಸುಲಿನ್ ಕೂಡ ಇಳಿದಿತ್ತು.

ಇಷ್ಟು ಓದಿದವರು, 'ಸರಿ, ನಾಳೆಯಿಂದ ಹಾಲು ಬಂದ್' ಎನ್ನಬಹುದು. ಸ್ವಲ್ಪ ತಾಳಬೇಕು. ಸಂತೆಯ ದಿನ ನಾವು ತಿನ್ನುವ ಗಿರ್ಮಿಟ್ಟು, ಮಿರ್ಚಿಭಜಿ, ಸವಣೂರ ಖಾರ, ಇವುಗಳಲ್ಲಿ ಹಾಲಿನ ಹನಿಯೂ ಇಲ್ಲ, ಮಾಂಸದ ಚೂರೂ ಇಲ್ಲ. ಸಕ್ಕರೆ ಸುರಿದ ಶರಬತ್ತೂ ವೀಗನ್. ವನಸ್ಪತಿ ಡಾಲ್ಡಾ ಕೂಡ ವೀಗನ್! ಆದರೆ ವನಸ್ಪತಿಯ ಟ್ರಾನ್ಸ್ ಕೊಬ್ಬು ತುಪ್ಪಕ್ಕಿಂತಲೂ ಹೃದಯಕ್ಕೆ ಕೆಟ್ಟದೆಂದೇ ಸರಕಾರ ೨೦೨೨ರಿಂದ ಅದಕ್ಕೆ ನೂರಕ್ಕೆ ಎರಡರ ಮಿತಿ ಹಾಕಿದೆ. ಚುರುಮುರಿಯಂಥ ಅರಳಿದ ಅಕ್ಕಿ ಬಾಯಲ್ಲಿ ಕರಗಿದಷ್ಟೇ ಬೇಗ ರಕ್ತದಲ್ಲಿ ಸಕ್ಕರೆಯಾಗುತ್ತದೆ. ಅಮೇರಿಕೆಯಲ್ಲಿ ಎರಡು ಲಕ್ಷಕ್ಕೂ ಮಿಕ್ಕಿದ ಜನರ ಊಟವನ್ನು ವರ್ಷಾನುಗಟ್ಟಲೆ ಗಮನಿಸಿ ೨೦೧೭ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ: ಇಡಿಧಾನ್ಯ, ಕಾಳು, ಹಣ್ಣು, ತರಕಾರಿಗಳ ಸಸ್ಯಾಹಾರಕ್ಕೆ ಹೃದಯರೋಗ ಕಡಿಮೆ, ಮೈದಾ, ಸಕ್ಕರೆ, ಸಿಹಿಪಾನೀಯಗಳ ಸಸ್ಯಾಹಾರಕ್ಕೆ ಹೃದಯರೋಗ ಹೆಚ್ಚು.

ಹೀಗಿರಲು 'ಏನನ್ನು ಬಿಟ್ಟೆ' ಎಂಬುದಕ್ಕಿಂತ 'ಅದರ ಬದಲು ಏನನ್ನು ಉಂಡೆ' ಎಂಬ ಪ್ರಶ್ನೆಯೇ ಮುಖ್ಯ. ಶಿಗ್ಗಾಂವ ತಾಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು ಧಾನ್ಯಗಳ ಜಗಳವನ್ನೇ 'ರಾಮಧಾನ್ಯಚರಿತೆ'ಯ ವಸ್ತುವಾಗಿ ಆರಿಸಿಕೊಂಡರು. ಅಕ್ಕಿ ಹೆಚ್ಚೋ ರಾಗಿ ಹೆಚ್ಚೋ ಎಂಬ ವಾದ ರಾಮನ ಮುಂದೆ ಬಂದು, ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟಾಗ, ಕೆಡದೆ ಉಳಿದ ರಾಗಿಗೇ ಗೆಲವಾಯಿತು. ಬಡವರ ಧಾನ್ಯಕ್ಕೆ ಅವರು ಕೊಟ್ಟ ಮಾನವನ್ನು ಇಂದಿನ ಅಂಕಿಗಳೂ ಎತ್ತಿಹಿಡಿಯುತ್ತವೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ೨೦೧೭ರ ಕೋಷ್ಟಕಗಳ ಪ್ರಕಾರ ೧೦೦ ಗ್ರಾಂ ಬಿಳಿ ಅಕ್ಕಿಯಲ್ಲಿ ನಾರು ೩ ಗ್ರಾಂನೊಳಗೆ. ಜೋಳದಲ್ಲಿ ೧೦, ರಾಗಿಯಲ್ಲಿ ೧೧ ಗ್ರಾಂ. ರಾಗಿಯ ಸುಣ್ಣದಂಶ ಅಷ್ಟೇ ತೂಕದ ಹಾಲಿನ ಮೂರು ಪಟ್ಟು. ಆದರೆ ರಾಗಿಯನ್ನೂ ನುಣ್ಣಗೆ ಬೀಸಿ ತೆಳ್ಳಗೆ ಅಂಬಲಿ ಮಾಡಿ ಬಟ್ಟಲುಗಟ್ಟಲೆ ಕುಡಿದರೆ ಸಕ್ಕರೆ ಏರದೆ ಇರದು. ಧಾನ್ಯ ಎಷ್ಟು ಇಡಿಯಾಗಿದೆ, ಎಷ್ಟು ತಿಂದೆವು, ಜೊತೆಗೆ ಕಾಳುಪಲ್ಯ ಎಷ್ಟಿತ್ತು ಎಂಬುದೂ ಲೆಕ್ಕಕ್ಕೆ ಬರುತ್ತದೆ.

ನಮ್ಮ ನಾಲ್ಕು ತಾಲೂಕುಗಳ ಇಂದಿನ ಸ್ಥಿತಿ ಏನು? ಹಾನಗಲ್ಲ ಕೆರೆಗಳ ಸೀಮೆ. ಅಲ್ಲಿ ಭತ್ತವೇ ಬಾಳು. ಹಿರೇಕೆರೂರಿನ ಕಡೆ ಗೋವಿನಜೋಳ ಹೊಲವನ್ನೆಲ್ಲ ಆವರಿಸಿದೆ. ಅದರ ಬಹುಭಾಗ ಕೋಳಿಯ ಆಹಾರಕ್ಕೂ ಕಾರ್ಖಾನೆಗೂ ಹೋಗುತ್ತದೆಯೇ ಹೊರತು ಮನೆಯ ಗಂಗಾಳಕ್ಕೆ ಬರುವುದಿಲ್ಲ. ೨೦೧೩ರಲ್ಲಿ ಅನ್ನಭಾಗ್ಯ ಬಂದ ಮೇಲೆ ಹಸಿವಿನ ಭಯ ತಗ್ಗಿತು. ಅದು ಸಣ್ಣ ಉಪಕಾರವಲ್ಲ. ಆದರೆ ಗಂಗಾಳದಲ್ಲಿ ಅನ್ನದ ಗುಡ್ಡೆ ಬೆಳೆದು, ರೊಟ್ಟಿ ತಟ್ಟುವ ಸದ್ದು ಅನೇಕ ಮನೆಗಳಲ್ಲಿ ಕಡಿಮೆಯಾಯಿತೆಂಬುದೂ ನಾವು ಕಣ್ಣಾರೆ ಕಂಡ ಮಾತು. ಜೋಳದ ರೊಟ್ಟಿ, ಮಡಿಕೆಕಾಳು, ಹುರುಳಿ, ಹೆಸರು, ಪುಂಡಿ, ಮೆಂತೆ, ಅಗಸಿ ಹಿಂಡಿ ಇವೆಲ್ಲ ನಮ್ಮ ನೆಲದ್ದೇ. ಅಗಸಿಯಲ್ಲಿ ಹೃದಯಕ್ಕೆ ಹಿತವಾದ ಒಮೇಗಾ-೩ ಜಾತಿಯ ಕೊಬ್ಬಿದೆ. ಹುರುಳಿಯಲ್ಲಿ ನೂರಕ್ಕೆ ಇಪ್ಪತ್ತರ ಮೇಲೆ ಸಸಾರಜನಕವಿದೆ. ಪೇಟೆಯಲ್ಲಿ ಸಿಗುವ ದುಬಾರಿ ಬಾದಾಮಿಹಾಲು ಇಲ್ಲದೆಯೂ ಈ ಊಟ ನಡೆದೀತು.

ಕೊರತೆಯ ಪಕ್ಕವನ್ನೂ ಮುಚ್ಚಿಡಬಾರದು. ಬಿ-೧೨ ಎಂಬ ಜೀವಸತ್ವ ಯಾವ ಕಾಳುಪಲ್ಯದಿಂದಲೂ ನೆಚ್ಚುವಷ್ಟು ದೊರೆಯುವುದಿಲ್ಲ. ಅದು ಕಡಿಮೆಯಾದರೆ ರಕ್ತಹೀನತೆ, ಕೈಕಾಲು ಜೋಮು, ಮರೆವು ಬರುತ್ತವೆ. ಪುಣೆಯ ಸುತ್ತಿನ ಗಂಡಸರನ್ನು ಪರೀಕ್ಷಿಸಿ ಯಾಜ್ಞಿಕ್ ಅವರ ತಂಡ ೨೦೦೬ರಲ್ಲಿ ವರದಿ ಮಾಡಿದಂತೆ, ಹಾಲುಮೊಸರು ಬಿಡದವರನ್ನು ಕೂಡಿಸಿಕೊಂಡರೂ ಮೂವರಲ್ಲಿ ಇಬ್ಬರಿಗೆ ಇದರ ಕೊರತೆಯಿತ್ತು. ಅದರ ಮೇಲೆ ಸಕ್ಕರೆರೋಗದ ಮುಖ್ಯ ಗುಳಿಗೆಯಾದ ಮೆಟ್‌ಫಾರ್ಮಿನ್ ಕೂಡ ಬಿ-೧೨ ಹೀರಿಕೆಯನ್ನು ತಗ್ಗಿಸುತ್ತದೆ. ರೋಗದಿಂದಲೂ ಜೋಮು, ಕೊರತೆಯಿಂದಲೂ ಜೋಮು. ಯಾವುದರಿಂದೆಂದು ತಿಳಿಯದೆ ಕಾಲ ಕಳೆಯುತ್ತದೆ. ಆದುದರಿಂದ ಹಾಲು ಬಿಡುವವರು ಬಿ-೧೨ ಗುಳಿಗೆಯನ್ನು ವೈದ್ಯರಿಂದ ಕೇಳಿ ಪಡೆಯಲೇಬೇಕು. ಬಸುರಿಬಾಣಂತಿಯರಿಗೂ ಎಳೆಯ ಮಕ್ಕಳಿಗೂ ಈ ಎಚ್ಚರ ಇಮ್ಮಡಿಯಾಗಿರಬೇಕು. ಇಂಗ್ಲೆಂಡಿನಲ್ಲಿ ೧೮ ವರ್ಷ ನಡೆದು ೨೦೧೯ರಲ್ಲಿ ಪ್ರಕಟವಾದ ಅಧ್ಯಯನವೊಂದು, ಸಸ್ಯಾಹಾರಿಗಳಲ್ಲಿ ಹೃದಯರೋಗ ನೂರಕ್ಕೆ ೨೨ರಷ್ಟು ಕಡಿಮೆಯೆಂದೂ ಮೆದುಳಿನ ಆಘಾತ ೨೦ರಷ್ಟು ಹೆಚ್ಚೆಂದೂ ಹೇಳಿದೆ. ಒಂದು ಲಾಭವನ್ನು ಕಂಡು ಇನ್ನೊಂದು ಬದಿಯ ಲೆಕ್ಕವನ್ನು ಮರೆಯಬಾರದೆಂಬುದಕ್ಕೆ ಇದು ನಿದರ್ಶನ.

ಎಲ್ಲಕ್ಕೂ ಮಿಗಿಲಾದ ಎಚ್ಚರಿಕೆಯೊಂದಿದೆ. ನಮ್ಮ ಓಣಿಯ ಹಿರಿಯರೊಬ್ಬರು ಯಾವುದೋ ಭಾಷಣ ಕೇಳಿ, ಹಾಲಿನೊಂದಿಗೆ ಗುಳಿಗೆಗಳನ್ನೂ ಒಮ್ಮೆಲೇ ಬಿಟ್ಟರು. ಎರಡು ತಿಂಗಳಲ್ಲಿ ಅಂಗಾಲಿನ ಸಣ್ಣ ಗಾಯ ಮಾಯದೆ, ಒಂದು ಬೆರಳನ್ನೇ ಕಳೆದುಕೊಂಡರು. ಇದಕ್ಕೆ ವಿರುದ್ಧವಾದ ಅಪಾಯವೂ ಉಂಟು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಗುಳಿಗೆಗಳನ್ನು ಮೊದಲಿನ ಪ್ರಮಾಣದಲ್ಲಿಯೇ ತೆಗೆದುಕೊಳ್ಳುತ್ತ ಊಟವನ್ನು ಮಾತ್ರ ಬದಲಿಸಿದರೆ, ಸಕ್ಕರೆ ತೀರ ಇಳಿದು, ಬೆವರಿ ನಡುಗಿ ಎಚ್ಚರ ತಪ್ಪಬಹುದು. ಬರ್ನಾರ್ಡ್ ಅವರ ಪ್ರಯೋಗದಲ್ಲಿಯೂ ವೀಗನ್ ಪಂಗಡದ ನೂರಕ್ಕೆ ೪೩ ಜನರ ಔಷಧಿ ತಗ್ಗಿತು; ಆದರೆ ತಗ್ಗಿಸಿದ್ದು ವೈದ್ಯರ ಕಣ್ಣೆದುರಿಗೆ, ರಕ್ತಪರೀಕ್ಷೆಯ ಆಧಾರದ ಮೇಲೆ. ಔಷಧಿ ಬಿಡುವ ನಿರ್ಣಯವನ್ನು ಮೊಬೈಲಿಗೆ ಒಪ್ಪಿಸುವುದು ಸಲ್ಲದು.

ಒಟ್ಟಿನಲ್ಲಿ ಹೇಳುವುದಾದರೆ, ಹಾಲು ಬಿಟ್ಟ ಸಸ್ಯಾಹಾರ ಸರಿಯಾಗಿ ಹೊಂದಿಸಿದರೆ ಸಕ್ಕರೆಯನ್ನೂ ಕೆಟ್ಟ ಕೊಲೆಸ್ಟರಾಲನ್ನೂ ತಗ್ಗಿಸಬಲ್ಲದು. ರೋಗವನ್ನು ಮಾಯಮಾಡುವ ಮಂತ್ರ ಮಾತ್ರ ಅಲ್ಲ. ವ್ರತ ಹಿಡಿಯಲಾರದವರಿಗೂ ಅದರ ಸಾರ ದಕ್ಕುತ್ತದೆ: ತುಪ್ಪ ಎಣ್ಣೆಗಳಿಗೆ ಮಿತಿ, ಅನ್ನದ ಅರ್ಧ ಜಾಗಕ್ಕೆ ಕಾಳುಪಲ್ಯ, ಬಿಳಿ ಅಕ್ಕಿಯ ಬದಲು ಜೋಳ, ಕೆನೆ ತೆಗೆದ ಮಜ್ಜಿಗೆ, ದಿನಕ್ಕೊಂದು ಹರದಾರಿ ನಡಿಗೆ. ಕಲಿತ ಮಕ್ಕಳಾದ ನಮ್ಮ ಮೇಲೆ ಒಂದು ಹೊಣೆಯಿದೆ. ಮನೆಯಲ್ಲಿ ಹಿರಿಯರ ರಕ್ತಪರೀಕ್ಷೆಯ ಚೀಟಿಯನ್ನು ಓದಿ ಹೇಳುವವರು ನಾವೇ; ರಜೆಗೆ ಊರಿಗೆ ಹೋದಾಗ ಆ ಚೀಟಿಯನ್ನೂ ಅವರ ಗಂಗಾಳವನ್ನೂ ಒಟ್ಟಿಗೇ ನೋಡೋಣ.