ಎಳೆಯರ ಸಂಗೀತ: ತರಗತಿಯಿಂದ ಚಿಕಿತ್ಸೆಯವರೆಗೆ

ಮಾತು ಬರುವುದಕ್ಕೆ ಬಹಳ ಮೊದಲೇ ಮಗುವಿಗೆ ಲಯ ತಿಳಿಯುತ್ತದೆ. ಹಂಗೇರಿಯ ಇಶ್ತ್ವಾನ್ ವಿಂಕ್ಲರ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹುಟ್ಟಿ ಎರಡು ಮೂರು ದಿನವಾಗಿದ್ದ ಕೂಸುಗಳ ತಲೆಗೆ ವಿದ್ಯುದ್ವಾರಗಳನ್ನು ಅಂಟಿಸಿ, ನಿದ್ದೆಯಲ್ಲಿರುವಾಗ ಡ್ರಮ್ಮಿನ ಒಂದೇ ನಡೆಯನ್ನು ಮತ್ತೆ ಮತ್ತೆ ಕೇಳಿಸಲಾಯಿತು. ನಡುನಡುವೆ ಒಂದೊಂದು ಪೆಟ್ಟನ್ನು ಬೇಕೆಂದೇ ಬಿಡಲಾಗುತ್ತಿತ್ತು. ಬಿಟ್ಟದ್ದು ಸಣ್ಣ ಪೆಟ್ಟಾದರೆ ಮಿದುಳಿನ ಅಲೆಗಳಲ್ಲಿ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಆವರ್ತದ ಮೊದಲ ಪೆಟ್ಟು ತಪ್ಪಿದಾಗ ಮಾತ್ರ ಪ್ರತಿಕ್ರಿಯೆ ಎದ್ದು ಕಂಡಿತು. ಬಾರದ ಪೆಟ್ಟನ್ನು ಗುರುತಿಸಬೇಕಾದರೆ ಅದು ಬರಲಿದೆಯೆಂಬ ನಿರೀಕ್ಷೆ ಮೊದಲೇ ಇರಬೇಕು. ಎಳೆಯ ಮಕ್ಕಳ ಸಂಗೀತ ತರಗತಿಯೂ ಸಂಗೀತ ಚಿಕಿತ್ಸೆಯೂ ನಿಂತಿರುವುದು ಈ ನಿರೀಕ್ಷೆಯ ಮೇಲೆಯೇ.

ಲಯಕ್ಕೆ ಸಿದ್ಧವಾದ ಮಿದುಳು

ಲಯದ ಅರಿವು ಬರಿಯ ಕಿವಿಯದಲ್ಲ, ಮೈಯದೂ ಹೌದು. ಕೆನಡಾದ ಜೆಸ್ಸಿಕಾ ಫಿಲಿಪ್ಸ್-ಸಿಲ್ವರ್ ಮತ್ತು ಲಾರೆಲ್ ಟ್ರೇನರ್ ಇದನ್ನು 2005ರಲ್ಲಿ ತೋರಿಸಿದರು. ಯಾವ ಪೆಟ್ಟಿಗೂ ಒತ್ತಿಲ್ಲದ ಒಂದು ಲಯವನ್ನು ಅವರು ಏಳು ತಿಂಗಳ ಮಕ್ಕಳಿಗೆ ಕೇಳಿಸಿದರು. ಕೇಳುತ್ತಿರುವಾಗ ಕೆಲವು ಮಕ್ಕಳನ್ನು ಎರಡು ಪೆಟ್ಟಿಗೊಮ್ಮೆ, ಉಳಿದವರನ್ನು ಮೂರು ಪೆಟ್ಟಿಗೊಮ್ಮೆ ಎತ್ತಿ ಕುಣಿಸಲಾಯಿತು. ಅನಂತರ ಒತ್ತುಗಳಿರುವ ಎರಡು ಬಗೆಯ ಲಯಗಳನ್ನು ಕೇಳಿಸಿದಾಗ, ಪ್ರತಿ ಮಗುವೂ ತಾನು ಕುಣಿದ ಲೆಕ್ಕಕ್ಕೆ ಹೊಂದುವುದನ್ನೇ ಹೆಚ್ಚು ಹೊತ್ತು ಆಲಿಸಿತು. ಬೇರೆಯವರು ಕುಣಿಯುವುದನ್ನು ನೋಡಿದಷ್ಟರಿಂದ ಈ ಪರಿಣಾಮ ಉಂಟಾಗಲಿಲ್ಲ.

ಕೇಳುವ ಸಂಗೀತಕ್ಕೆ ತಕ್ಕಂತೆ ಮಿದುಳು ಬೇಗನೆ ಪಳಗುತ್ತದೆ. ಎರಿನ್ ಹ್ಯಾನನ್ ಮತ್ತು ಸಾಂಡ್ರಾ ಟ್ರೆಹಬ್ ಅದೇ ವರ್ಷ ಬಾಲ್ಕನ್ ನಾಡುಗಳ ವಿಷಮ ಲಯಗಳನ್ನು ಉತ್ತರ ಅಮೆರಿಕದ ಮಕ್ಕಳಿಗೆ ಕೇಳಿಸಿ ನೋಡಿದರು. ಏಳು ಎಣಿಕೆಯನ್ನು ಎರಡು, ಎರಡು, ಮೂರು ಎಂದು ಒಡೆಯುವ ಇಂಥ ನಡೆಗಳು ಕರ್ನಾಟಕ ಸಂಗೀತದ ಮಿಶ್ರಛಾಪುವಿಗೆ ಹತ್ತಿರದವು. ಆರು ತಿಂಗಳ ಮಕ್ಕಳು ಸರಳ ಲಯದ ತಪ್ಪನ್ನೂ ವಿಷಮ ಲಯದ ತಪ್ಪನ್ನೂ ಒಂದೇ ಸಮನಾಗಿ ಹಿಡಿದರು. ಹನ್ನೆರಡು ತಿಂಗಳ ಮಕ್ಕಳಿಗೆ ಹಿಡಿಯಲಾದದ್ದು ತಮ್ಮ ಸುತ್ತ ಕೇಳಿಬರುವ ಸರಳ ಲಯದ ತಪ್ಪು ಮಾತ್ರ. ಎರಡು ವಾರ ಮನೆಯಲ್ಲಿ ಬಾಲ್ಕನ್ ಸಂಗೀತ ಕೇಳಿಸಿದ ಮೇಲೆ ಆ ವಯಸ್ಸಿನ ಮಕ್ಕಳಿಗೆ ವಿಷಮ ಲಯದ ತಪ್ಪೂ ತಿಳಿಯತೊಡಗಿತು. ಅಂಥದೇ ಅಭ್ಯಾಸ ಮಾಡಿಸಿದರೂ ದೊಡ್ಡವರಿಗೆ ಆ ಹಿಡಿತ ಸಿಕ್ಕಲಿಲ್ಲ.

ತರಗತಿಯ ಪದ್ಧತಿಗಳು

ಪ್ರಯೋಗಾಲಯಗಳಲ್ಲಿ ಇದು ಸಾಬೀತಾಗುವ ಮೊದಲೇ ಸಂಗೀತದ ಮೇಷ್ಟ್ರುಗಳು ಅನುಭವದಿಂದ ಇದನ್ನು ಕಂಡುಕೊಂಡಿದ್ದರು. ಸ್ವಿಟ್ಜರ್ಲೆಂಡಿನ ಎಮಿಲ್ ಜಾಕ್-ಡಾಲ್‌ಕ್ರೋಜ್ ಅವರ ಪದ್ಧತಿಯಲ್ಲಿ ಮಗು ಮೊದಲು ಲಯಕ್ಕೆ ಹೆಜ್ಜೆ ಹಾಕುತ್ತದೆ. ವಾದ್ಯ, ಬರಹ ಎರಡೂ ಆಮೇಲೆ. ಹಂಗೇರಿಯ ಜೋಲ್ತಾನ್ ಕೊಡಾಯ್ ಹಾಡಿಗೆ ಪ್ರಾಶಸ್ತ್ಯ ಕೊಟ್ಟರು. ಅವರ ಪದ್ಧತಿಯಲ್ಲಿ ಮಾತೃಭಾಷೆಯ ಜನಪದ ಗೀತೆಗಳೇ ಪಠ್ಯ, ಪ್ರತಿ ಸ್ವರಕ್ಕೂ ಒಂದೊಂದು ಕೈಸನ್ನೆ. ಜರ್ಮನಿಯ ಕಾರ್ಲ್ ಆರ್ಫ್ ಮತ್ತು ಗುನಿಲ್ಡ್ ಕೇಟ್ಮನ್ ಪಟ್ಟಿಗಳನ್ನು ಕಳಚಬಹುದಾದ ಚಿಕ್ಕ ಕ್ಸೈಲೋಫೋನುಗಳನ್ನು ಮಕ್ಕಳ ಕೈಗೆ ಕೊಟ್ಟರು. ಬೇಡದ ಸ್ವರದ ಪಟ್ಟಿಯನ್ನು ತೆಗೆದಿಟ್ಟರೆ ಮಗು ಎಲ್ಲಿ ಬಡಿದರೂ ಅಪಸ್ವರ ಬರುವುದಿಲ್ಲ. ಜಪಾನಿನ ಶಿನಿಚಿ ಸುಜುಕಿ ಪಿಟೀಲನ್ನು ಮಕ್ಕಳ ಅಳತೆಗೆ ಇಳಿಸಿ, ತಾಯಿತಂದೆಯರನ್ನೂ ಪಾಠದಲ್ಲಿ ಕೂರಿಸಿದರು.

ಕರ್ನಾಟಕ ಸಂಗೀತದಲ್ಲಿ ಪುರಂದರದಾಸರ ಹೆಸರಿನೊಂದಿಗೆ ಬೆಸೆದುಕೊಂಡಿರುವ ಸರಳೆ ವರಸೆಯ ಪಾಠದಲ್ಲೂ ಕೈಗೆ ಬಿಡುವಿಲ್ಲ. ಆದಿತಾಳದ ಎಂಟು ಎಣಿಕೆಯನ್ನು ಮಗು ಒಂದು ಪೆಟ್ಟು, ಮೂರು ಬೆರಳೆಣಿಕೆ, ಮತ್ತೆ ಎರಡು ಸಲ ಪೆಟ್ಟು ಮತ್ತು ಹುಸಿಯಾಗಿ ತೊಡೆಯ ಮೇಲೆ ಹಾಕುತ್ತಾ ಮಾಯಾಮಾಳವಗೌಳದ ಸ್ವರಗಳನ್ನು ಹಾಡುತ್ತದೆ. ವರಸೆ ಒಂದೇ ಇದ್ದರೂ ಎರಡನೆಯ ಕಾಲದಲ್ಲಿ ಸ್ವರಗಳು ಇಮ್ಮಡಿ ವೇಗ ಪಡೆಯುತ್ತವೆ, ಕೈಯ ತಾಳ ಮಾತ್ರ ಬದಲಾಗುವುದಿಲ್ಲ.

ಜಾಣತನದ ಪ್ರಶ್ನೆ

ಸಂಗೀತ ಕಲಿತರೆ ಮಗು ಜಾಣವಾಗುತ್ತದೆಂಬ ಪ್ರಚಾರಕ್ಕೆ ಇಂಬು ಸಿಕ್ಕಿದ್ದು 1993ರಲ್ಲಿ. ಮೊಜಾರ್ಟ್‌ನ ಎರಡು ಪಿಯಾನೊಗಳ ಸೊನಾಟಾ ಕೇಳಿದವರು ಆಕಾರಗಳನ್ನು ಮನಸ್ಸಿನಲ್ಲೇ ಮಡಿಸಿ ಬಿಡಿಸುವಂಥ ಪರೀಕ್ಷೆಯಲ್ಲಿ ತುಸು ಮುಂದಿದ್ದರೆಂಬ ಪುಟ್ಟ ವರದಿ ಆಗ 'ನೇಚರ್' ಪತ್ರಿಕೆಯಲ್ಲಿ ಬಂತು. ಪರೀಕ್ಷೆಗೆ ಕುಳಿತಿದ್ದವರು ಕಾಲೇಜು ವಿದ್ಯಾರ್ಥಿಗಳು. ಪರಿಣಾಮ ಉಳಿದದ್ದು ಹತ್ತು ಹದಿನೈದು ನಿಮಿಷ. ಹಾಗಿದ್ದರೂ 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್ ಜೆಲ್ ಮಿಲ್ಲರ್, ನವಜಾತ ಶಿಶುಗಳಿಗೆಲ್ಲ ಶಾಸ್ತ್ರೀಯ ಸಂಗೀತದ ಮುದ್ರಿಕೆ ಹಂಚಲು 1,05,000 ಡಾಲರ್ ಬೇಕೆಂದು ಬಜೆಟ್ಟಿನಲ್ಲಿ ಕೇಳಿದರು.

ನಿಜವಾಗಿ ಕಲಿತವರ ಫಲಿತಾಂಶ ಇಷ್ಟು ರೋಚಕವಲ್ಲ. ಗ್ಲೆನ್ ಶೆಲೆನ್‌ಬರ್ಗ್ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆನಡಾದ ಆರು ವರ್ಷದ 144 ಮಕ್ಕಳನ್ನು ನಾಲ್ಕು ಗುಂಪು ಮಾಡಲಾಗಿತ್ತು. ಒಂದು ವರ್ಷದ ಪಾಠದ ಬಳಿಕ, ಸಂಗೀತ ಕಲಿತವರ ಐಕ್ಯೂ ಸರಾಸರಿ ಏಳು ಅಂಕ ಏರಿದರೆ ಉಳಿದವರದು ನಾಲ್ಕಕ್ಕೂ ತುಸು ಹೆಚ್ಚು ಏರಿತ್ತು. ಸಾಮಾಜಿಕ ನಡವಳಿಕೆ ಸುಧಾರಿಸಿದ್ದು ನಾಟಕ ಕಲಿತವರಲ್ಲಿ. ನಾಲ್ಕು ವರ್ಷದ ಮಕ್ಕಳನ್ನೂ ಹೆತ್ತವರನ್ನೂ ಒಟ್ಟಿಗೆ ಆರು ವಾರ ತರಗತಿಗೆ ಸೇರಿಸಿ ಸ್ಯಾಮುಯೆಲ್ ಮೆಹ್ರ್ ತಂಡ 2013ರಲ್ಲಿ ನೋಡಿದಾಗ, ಚಿತ್ರಕಲೆ ಕಲಿತವರಿಗಿಂತ ಸಂಗೀತ ಕಲಿತವರು ಮುಂದಿದ್ದಾರೆಂದು ಖಚಿತವಾಗಿ ಹೇಳಲಾಗಲಿಲ್ಲ.

ಒಟ್ಟಿಗೆ ಹಾಡಿ ಕುಣಿಯುವುದರ ಫಲ ಬೇರೆ ಕಡೆ ಕಾಣುತ್ತದೆ. ಹದಿನಾಲ್ಕು ತಿಂಗಳ ಕೂಸನ್ನು ಸಂಗೀತಕ್ಕೆ ಕುಣಿಸುವಾಗ ಎದುರಿಗಿರುವ ವ್ಯಕ್ತಿಯೂ ಅದೇ ಲಯಕ್ಕೆ ಕುಣಿದರೆ, ಆ ವ್ಯಕ್ತಿಯ ಕೈಯಿಂದ ಬಿದ್ದ ವಸ್ತುವನ್ನು ಎತ್ತಿಕೊಡಲು ಕೂಸು ಹೆಚ್ಚು ಮುಂದಾಗುತ್ತದೆ ಎಂದು ಟ್ರೇನರ್ ತಂಡ 2014ರಲ್ಲಿ ವರದಿ ಮಾಡಿತು. ಜರ್ಮನಿಯಲ್ಲಿ ನಾಲ್ಕು ವರ್ಷದ ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲೂ, ಜೊತೆಯಾಗಿ ಹಾಡಿ ಆಡಿದವರು ಹಾಡಿಲ್ಲದೆ ಆಡಿದವರಿಗಿಂತ ಒಬ್ಬರಿಗೊಬ್ಬರು ಹೆಚ್ಚು ನೆರವಾದರು.

ಪಾಠ ಚಿಕಿತ್ಸೆಯಾಗುವಾಗ

ತರಗತಿಯ ಗುರಿ ಸಂಗೀತ ಕಲಿಸುವುದು. ಚಿಕಿತ್ಸೆಯ ಗುರಿ ಮಗುವಿನ ಆರೋಗ್ಯ, ಸಂವಹನ, ನಡವಳಿಕೆ. ಅಮೆರಿಕದ ಸಂಯೋಜಕ ಪಾಲ್ ನಾರ್ಡಾಫ್ ಮತ್ತು ಬ್ರಿಟನ್ನಿನ ವಿಶೇಷ ಶಿಕ್ಷಕ ಕ್ಲೈವ್ ರಾಬಿನ್ಸ್ 1959ರಲ್ಲಿ ಇಂಗ್ಲೆಂಡಿನ ಸನ್‌ಫೀಲ್ಡ್ ಮಕ್ಕಳ ಧಾಮದಲ್ಲಿ ಜೊತೆಯಾಗಿ ಕೆಲಸ ಆರಂಭಿಸಿದರು. ಎಷ್ಟೇ ತೀವ್ರ ನ್ಯೂನತೆಯಿದ್ದರೂ ಪ್ರತಿ ಮಗುವಿನಲ್ಲೂ ಸಂಗೀತಕ್ಕೆ ಸ್ಪಂದಿಸುವ ಒಂದು ಅಂಶ ಇದ್ದೇ ಇರುತ್ತದೆ ಎಂಬುದು ಅವರ ನಿಲುವು.

ಅವರ ವಿಧಾನದಲ್ಲಿ ಒಬ್ಬರು ಪಿಯಾನೊ ಮುಂದೆ, ಇನ್ನೊಬ್ಬರು ಮಗುವಿನ ಪಕ್ಕದಲ್ಲಿ ಇರುತ್ತಾರೆ. ಮಾತಾಡದ ಮಗು ಡ್ರಮ್ಮನ್ನು ಲೆಕ್ಕವಿಲ್ಲದೆ ಬಡಿಯುತ್ತಿದ್ದರೆ ಪಿಯಾನೊ ಅದನ್ನು ತಿದ್ದಲು ಹೋಗುವುದಿಲ್ಲ. ಆ ಬಡಿತದ ವೇಗ, ಬಿರುಸುಗಳನ್ನೇ ಹಿಡಿದು ಜೊತೆಗೂಡುತ್ತದೆ. ಕೆಲ ಹೊತ್ತಿನ ಮೇಲೆ ಪಿಯಾನೊ ವೇಗವನ್ನು ತುಸು ಇಳಿಸುತ್ತದೆ, ಇಲ್ಲವೆ ಪಲ್ಲವಿ ಮುಗಿಯುವ ಮುನ್ನ ನಿಂತುಬಿಡುತ್ತದೆ. ಮಗುವೂ ನಿಧಾನಿಸಿದರೆ, ಅಥವಾ ಉಳಿದ ಪೆಟ್ಟನ್ನು ತಾನೇ ಹಾಕಿ ತಲೆಯೆತ್ತಿದರೆ, ಅದು ಎದುರಿನವರನ್ನು ಆಲಿಸುತ್ತಿದೆ ಎಂದರ್ಥ. ಪ್ರತಿ ಭೇಟಿಯನ್ನೂ ಧ್ವನಿಮುದ್ರಿಸಿಕೊಂಡು, ಅನಂತರ ಕ್ಷಣ ಕ್ಷಣದ ಟಿಪ್ಪಣಿ ಬರೆದು, ಮುಂದಿನ ಭೇಟಿಯನ್ನು ಯೋಜಿಸುವುದು ಈ ಪದ್ಧತಿಯ ರೂಢಿ.

ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ವಿಷಯದಲ್ಲಿ ಒಳ್ಳೆಯ ಪುರಾವೆ ಇದೆ. ಜೋಆನ್ ಲೋವಿ ನೇತೃತ್ವದಲ್ಲಿ ಅಮೆರಿಕದ 11 ಆಸ್ಪತ್ರೆಗಳ 272 ಶಿಶುಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೆತ್ತವರು ಆರಿಸಿದ ಹಾಡನ್ನು ಜೋಗುಳದಂತೆ ಎದುರಿಗೇ ಹಾಡಿದಾಗ ಶಿಶುವಿನ ಎದೆಬಡಿತ ನಿಧಾನವಾಯಿತು, ಹಾಲು ಕುಡಿಯುವುದು ಸುಧಾರಿಸಿತು, ಹೆತ್ತವರ ಆತಂಕವೂ ಇಳಿಯಿತು. ಆಟಿಸಂ ವಿಷಯದಲ್ಲಿ ಉತ್ತರ ಅಷ್ಟು ನೇರವಲ್ಲ. ಒಂಬತ್ತು ದೇಶಗಳ 364 ಮಕ್ಕಳನ್ನು ಒಳಗೊಂಡು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಐದು ತಿಂಗಳ ಚಿಕಿತ್ಸೆಯಿಂದ ಸಾಮಾಜಿಕ ಲಕ್ಷಣಗಳ ತೀವ್ರತೆ ಗಮನಾರ್ಹವಾಗಿ ತಗ್ಗಲಿಲ್ಲ. ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದ 2022ರ ಕಾಕ್ರೇನ್ ಪರಿಶೀಲನೆ, ಒಟ್ಟಾರೆ ಸ್ಥಿತಿ ಮತ್ತು ಜೀವನದ ಗುಣಮಟ್ಟ ಉತ್ತಮಗೊಳ್ಳುವ ಸಂಭವ ಇದೆ ಎಂದಿತು.

ಹಣದ ಮೂಲ

ತರಗತಿಯಲ್ಲಿ ಇಪ್ಪತ್ತು ಮಕ್ಕಳಿಗೆ ಒಬ್ಬ ಶಿಕ್ಷಕರು ಸಾಕು, ಶುಲ್ಕದಿಂದಲೇ ಖರ್ಚು ಹೊಂದುತ್ತದೆ. ಚಿಕಿತ್ಸೆಯಲ್ಲಿ ಒಂದು ಮಗುವಿಗೆ ಒಬ್ಬರು, ಕೆಲವೊಮ್ಮೆ ಇಬ್ಬರು ಬೇಕು. ಅದೂ ವಾರ ವಾರವೂ ತಿಂಗಳುಗಟ್ಟಲೆ. ಬ್ರಿಟನ್ನಿನಲ್ಲಿ ಮ್ಯೂಸಿಕ್ ಥೆರಪಿಸ್ಟ್ ಎಂಬ ಹೆಸರಿಗೆ ಕಾನೂನಿನ ರಕ್ಷಣೆಯಿದ್ದು, ತರಬೇತಿ ಪಡೆದು ನೋಂದಾಯಿಸಿಕೊಂಡವರು ಮಾತ್ರ ಅದನ್ನು ಬಳಸಬಹುದು. ವಾದ್ಯಗಳ ಖರ್ಚು ಒಮ್ಮೆ ಬರುವಂಥದು. ದೊಡ್ಡ ವೆಚ್ಚ ಇಂಥ ಪರಿಣತರ ಸಂಬಳದ್ದು. ಹೆಚ್ಚು ನೆರವು ಬೇಕಾದ ಕುಟುಂಬಗಳಿಗೆ ಈ ವೆಚ್ಚ ಭರಿಸುವುದು ಕಷ್ಟವಾದ್ದರಿಂದ ದೇಣಿಗೆ ಅನಿವಾರ್ಯವಾಗುತ್ತದೆ.

ನಾರ್ಡಾಫ್ ರಾಬಿನ್ಸ್ ಸಂಸ್ಥೆ ಈ ದೇಣಿಗೆಯನ್ನು ಸಂಗೀತೋದ್ಯಮದಿಂದಲೇ ಎತ್ತಿತು. ಉದ್ಯಮದವರನ್ನು ಮಧ್ಯಾಹ್ನದ ಊಟಕ್ಕೆ ಸೇರಿಸಿ, ಕಲಾವಿದರಿಗೆ ಪ್ರಶಸ್ತಿ ಕೊಟ್ಟು, ನಿಧಿ ಕೂಡಿಸುವ 'ಸಿಲ್ವರ್ ಕ್ಲೆಫ್' ಸಮಾರಂಭ 1976ರಲ್ಲಿ ಲಂಡನ್ನಿನಲ್ಲಿ ಶುರುವಾಯಿತು. ಮೊದಲ ಪ್ರಶಸ್ತಿ 'ದ ಹೂ' ತಂಡಕ್ಕೆ ಸಂದಿತು. ಈ ಪ್ರಶಸ್ತಿ ಪಡೆದವರೇ ಸೇರಿ 1990ರ ಜೂನ್ 30ರಂದು ಹರ್ಟ್‌ಫರ್ಡ್‌ಶೈರಿನ ನೆಬ್‌ವರ್ತ್ ಬಯಲಿನಲ್ಲಿ ಸಹಾಯಾರ್ಥ ಕಚೇರಿ ನಡೆಸಿದರು. ಪಾಲ್ ಮೆಕಾರ್ಟ್ನಿ, ಪಿಂಕ್ ಫ್ಲಾಯ್ಡ್, ಎಲ್ಟನ್ ಜಾನ್, ಎರಿಕ್ ಕ್ಲಾಪ್ಟನ್ ಅದರಲ್ಲಿ ಪಾಲ್ಗೊಂಡರು. ಬಂದ ಹಣ ಸಂಗೀತ ಚಿಕಿತ್ಸೆಗೂ, ಕಲೆಗಳ ತರಬೇತಿಗೆಂದು ಲಂಡನ್ನಿನಲ್ಲಿ ಸ್ಥಾಪನೆಯಾಗುತ್ತಿದ್ದ ಬ್ರಿಟ್ ಶಾಲೆಗೂ ಹೋಯಿತು.

ಎಳೆಯರ ಸಂಗೀತ ಶಾಲೆಯೊಂದು ತನ್ನ ವಾರ್ಷಿಕೋತ್ಸವದ ಟಿಕೆಟ್ ಹಣವನ್ನು ಚಿಕಿತ್ಸೆಗೆ ಕೊಡುವುದೂ ಇದೇ ಕ್ರಮದ ಚಿಕ್ಕ ರೂಪ. ಒಂದು ಕಚೇರಿಯ ಹಣ ಒಂದೇ ಸಲ ಬರುತ್ತದೆ, ಚಿಕಿತ್ಸೆ ವರ್ಷವಿಡೀ ನಡೆಯಬೇಕು. ಆದ್ದರಿಂದ ತಿಂಗಳು ತಿಂಗಳು ಬರುವ ಸಣ್ಣ ದೇಣಿಗೆಗಳಿಗೆ ಸಂಸ್ಥೆಗಳಲ್ಲಿ ಹೆಚ್ಚು ಬೆಲೆ. ಮನವಿಯಲ್ಲಿ ಐಕ್ಯೂ ಏರಿಕೆಯ ಆಸೆ ತೋರಿಸುವುದಕ್ಕೆ ಆಧಾರ ಸಾಲದು. ಎಷ್ಟು ಮಕ್ಕಳಿಗೆ ಎಷ್ಟು ಭೇಟಿಗಳು ಸಿಕ್ಕವು, ಯಾವ ಮಗು ಸರದಿ ಕಾಯುವುದನ್ನು, ಕಣ್ಣಲ್ಲಿ ಕಣ್ಣಿಡುವುದನ್ನು, ದನಿಗೆ ದನಿಗೂಡಿಸುವುದನ್ನು ಕಲಿತಿತು ಎಂಬ ಲೆಕ್ಕವನ್ನು ಚಿಕಿತ್ಸಕರ ಟಿಪ್ಪಣಿಗಳಿಂದಲೇ ತೆಗೆದು ದಾನಿಗಳ ಮುಂದಿಡಬಹುದು.