ಹಾಳೆತಟ್ಟೆ ಮೊದಲು ನಮ್ಮ ಪಂಕ್ತಿಗೆ ಬರಲಿ

ಅಡಿಕೆ ಹಾಳೆಯ ತಟ್ಟೆಗೆ 2025ರ ಮೇ ತಿಂಗಳಲ್ಲಿ ಅಮೆರಿಕ ಬಾಗಿಲು ಹಾಕಿತು. ಹಾಳೆಯಿಂದ ಮಾಡಿದ ತಟ್ಟೆ, ಬಟ್ಟಲು, ಚಮಚಗಳನ್ನು ಮಾರಬೇಡಿ ಎಂದು ಅಲ್ಲಿನ ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎ, ವ್ಯಾಪಾರಿಗಳಿಗೆ ಸೂಚಿಸಿತು. ರಫ್ತನ್ನೇ ನಂಬಿದ್ದ ಘಟಕಗಳಿಗೆ ಇದು ದೊಡ್ಡ ಪೆಟ್ಟು. ಹಾಳೆ ಹೆಕ್ಕಿ ಕೊಟ್ಟು ನಾಲ್ಕು ಕಾಸು ನೋಡುತ್ತಿದ್ದ ತೋಟದವರಿಗೂ ಅದರ ಬಿಸಿ ತಟ್ಟಿದೆ.

ಅವರು ಹೇಳಿದ್ದೇನು? ಅಡಿಕೆ ಮರದಲ್ಲಿ ಸಹಜವಾಗಿ ಇರುವ ಆಲ್ಕಲಾಯ್ಡುಗಳು ತಟ್ಟೆಯಿಂದ ಆಹಾರಕ್ಕೆ ಇಳಿಯಬಹುದು, ಈ ಬಳಕೆ ಸುರಕ್ಷಿತ ಎಂಬುದಕ್ಕೆ ಅವರ ಕಾನೂನು ಕೇಳುವಷ್ಟು ಆಧಾರ ಇಲ್ಲ, ಎಂದು. ಅಡಿಕೆಯ ಅರೆಕೊಲಿನ್ ಹೆಸರು ನಮಗೆ ಹೊಸತಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದ ಮೇಲಂತೂ ಕೇಳುತ್ತಲೇ ಇದ್ದೇವೆ. ಆದರೆ ಅಡಿಕೆ ಬೇರೆ, ಹಾಳೆ ಬೇರೆ. ದಿನವಿಡೀ ಜಗಿಯುವುದು ಬೇರೆ, ಹಾಳೆಯ ಮೇಲೆ ಅನ್ನ ಬಡಿಸಿ ಕಾಲು ಗಂಟೆಯಲ್ಲಿ ಎದ್ದು ಕೈ ತೊಳೆಯುವುದು ಬೇರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು ಎಂದು ನನ್ನ ಅನಿಸಿಕೆ. ಅನಿಸಿಕೆಯಿಂದ ಪ್ರಯೋಗಾಲಯದ ವರದಿಯ ಕೆಲಸ ಆಗುವುದಿಲ್ಲ, ಅದೂ ನಿಜ. ಬಿಸಿ ಸಾರು, ಹುಳಿ ಮಜ್ಜಿಗೆ, ಎಣ್ಣೆ ಪದಾರ್ಥ ಇವನ್ನು ಹಾಳೆಯಲ್ಲಿ ಇಟ್ಟು, ಎಷ್ಟು ಹೊತ್ತಿಗೆ ಏನು ಎಷ್ಟು ಇಳಿಯುತ್ತದೆ ಎಂದು ಅಳೆದು ತೋರಿಸಬೇಕು. ಅಮೆರಿಕದವರಿಗೆ ತೋರಿಸಲಿಕ್ಕೆ ಮಾತ್ರ ಅಲ್ಲ, ಉಣ್ಣುವವರು ನಾವೂ ಅಲ್ಲವೇ?

ಹೌದೇ, ನಾವು ಉಣ್ಣುತ್ತೇವೆಯೇ? ನನಗೆ ಹೆಚ್ಚು ಕೆಣಕುವ ಪ್ರಶ್ನೆ ಇದು.

ತೋಟದವರ ಮನೆಯ ಊಟ

ಎಕರೆಗಟ್ಟಲೆ ಅಡಿಕೆ ಇರುವ ಮನೆಯ ಗೃಹಪ್ರವೇಶಕ್ಕೆ ಹೋಗಿ ನೋಡಿ. ಬಫೆ ಮೇಜಿನ ಮೇಲೆ ಹೊಳೆಯುವ ಕಾಗದದ ತಟ್ಟೆ. ಪಾಯಸಕ್ಕೆ ಕಾಗದದ ಲೋಟ. ಅಡಿಗೆಯವರು ತಂದದ್ದು, ನಮಗೆ ಗೊತ್ತಿಲ್ಲ ಎಂಬ ಉತ್ತರ. ಅಂಗಳದ ಆಚೆ ತೋಟದಲ್ಲಿ ಹಾಳೆ ಬಿದ್ದು ಗೆದ್ದಲು ತಿನ್ನುತ್ತಿರುತ್ತದೆ.

ಪ್ಲಾಸ್ಟಿಕ್, ಥರ್ಮೋಕೋಲ್ ತಟ್ಟೆ ಲೋಟಗಳನ್ನು ಕರ್ನಾಟಕ ಸರಕಾರ 2016ರ ಮಾರ್ಚ್‌ನಲ್ಲೇ ನಿಷೇಧಿಸಿದೆ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳಿಗೆ 2022ರ ಜುಲೈ 1ರಿಂದ ದೇಶಕ್ಕೇ ನಿಷೇಧ ಬಂತು. ಆ ಜಾಗಕ್ಕೆ ಹಾಳೆ ಬರಬೇಕಿತ್ತು. ಬಂದದ್ದು ಹೆಚ್ಚಾಗಿ ಕಾಗದ. ಕಾಗದ ಅಂದರೆ ಬರೀ ಕಾಗದ ಅಲ್ಲ ಮಾರಾಯ್ರೆ, ನೀರು ಹೀರದಿರಲು ಒಳಮೈಗೆ ತೆಳು ಪ್ಲಾಸ್ಟಿಕ್ ಪೊರೆ ಅಂಟಿಸಿರುತ್ತಾರೆ. ಐಐಟಿ ಖರಗ್‌ಪುರದವರು 2021ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಇಂಥ ಲೋಟದಲ್ಲಿ 100 ಮಿಲಿಲೀಟರ್ ಬಿಸಿ ದ್ರವ 15 ನಿಮಿಷ ಇದ್ದರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಅದಕ್ಕೆ ಸೇರುತ್ತವಂತೆ. ಹಾಳೆಯ ಬಗ್ಗೆ ಸಂಶಯ ಎತ್ತುವ ನಾವು ಆ ಲೋಟದಲ್ಲಿ ಚಾ ಕುಡಿಯುತ್ತಾ ಎತ್ತುತ್ತೇವೆ!

ಹಾಳೆತಟ್ಟೆ ದುಬಾರಿ ಎನ್ನುವವರಿದ್ದಾರೆ. ಒಬ್ಬೊಬ್ಬರಿಗೆ ಎರಡೆರಡು ಹೋಳಿಗೆ ಹೆಚ್ಚು ಬಡಿಸಲು ಹಿಂದೆಮುಂದೆ ನೋಡದವರು ತಟ್ಟೆಯ ವಿಷಯದಲ್ಲಿ ಮಾತ್ರ ಲೆಕ್ಕ ಹಾಕುತ್ತಾರೆ. ಸರಿ, ಲೆಕ್ಕವನ್ನೇ ಹಾಕೋಣ. ಒಂಬತ್ತು ಅಡಿ ಅಂತರದಲ್ಲಿ ಎಕರೆಗೆ ಸುಮಾರು 540 ಮರ. ಮರವೊಂದು ವರ್ಷಕ್ಕೆ ಐದಾರು ಹಾಳೆ ಬೀಳಿಸುತ್ತದೆ. ಐದೇ ಹಿಡಿದರೂ ಎಕರೆಗೆ 2,700. ಮಳೆಗೆ ಸಿಕ್ಕಿದ್ದು, ಸೀಳಿದ್ದು, ಕಿರಿದಾದ್ದು ಎಂದು ಮುಕ್ಕಾಲು ಪಾಲು ಬಿಟ್ಟುಬಿಡಿ. ಉಳಿದ 675 ಹಾಳೆಗೆ 675 ಊಟದ ತಟ್ಟೆ, ಅಂಚಿನ ತುಂಡಿನಲ್ಲಿ ಸಣ್ಣ ಬಟ್ಟಲು ಬೇರೆ. ಮನೆಯ ಮದುವೆಯೊಂದು ಕಳೆಯಲು ಒಂದು ಎಕರೆ ಸಾಕು. ನಿಮ್ಮದೇ ಹಾಳೆ ಕೊಟ್ಟರೆ ಒತ್ತುವ ಕೂಲಿ ಮಾತ್ರ ತೆಗೆದುಕೊಂಡು ತಟ್ಟೆ ಮಾಡಿಕೊಡುತ್ತೀರಾ ಎಂದು ಹತ್ತಿರದ ಘಟಕದಲ್ಲಿ ಕೇಳಿ ನೋಡಿ. ರಫ್ತು ನಿಂತು ಯಂತ್ರ ಖಾಲಿ ಇರುವಾಗ ಬೇಡ ಎನ್ನಲಿಕ್ಕಿಲ್ಲ.

ಹೆಕ್ಕುವುದರಲ್ಲೇ ಅರ್ಧ ಕೆಲಸ

ಒಳ್ಳೆಯ ತಟ್ಟೆ ಆಗುವುದು ಯಂತ್ರದಲ್ಲಿ ಅಲ್ಲ, ತೋಟದಲ್ಲಿ. ಬಿದ್ದ ಹಾಳೆ ಒಂದು ರಾತ್ರಿ ಮಂಜು ಕುಡಿದರೆ ಪರವಾಗಿಲ್ಲ. ನಾಲ್ಕು ದಿನ ಮಣ್ಣಿಗೆ ತಾಗಿ ಬಿದ್ದುಕೊಂಡರೆ ಕಪ್ಪು ಚುಕ್ಕೆ ಹಿಡಿಯುತ್ತದೆ. ಆ ಚುಕ್ಕೆ ಬೂಷ್ಟಿನದ್ದು, ತಿಕ್ಕಿದರೆ ಹೋಗುವುದಿಲ್ಲ. ದಿನಬಿಟ್ಟು ದಿನವಾದರೂ ಹೆಕ್ಕಬೇಕು. ಸೋಗೆಯನ್ನು ಅಲ್ಲೇ ಕಡಿದು ಬುಡಕ್ಕೆ ಹಾಕಿ, ಹಾಳೆ ಮಾತ್ರ ಮನೆಗೆ ತನ್ನಿ.

ಒಣಗಿಸುವಾಗ ನೆಲದಲ್ಲಿ ಹರಡುವುದಕ್ಕಿಂತ ಗೋಡೆಗೋ ಅಡ್ಡಕ್ಕೆ ಕಟ್ಟಿದ ಸಲಾಕೆಗೋ ಒರಗಿಸಿ ನಿಲ್ಲಿಸಿದರೆ ಗಾಳಿ ಆಡುತ್ತದೆ. ಎರಡು ಮೂರು ಬಿಸಿಲು ಸಾಕು. ಸುರುಳಿ ಸುತ್ತಿಕೊಂಡರೆ ಗಾಬರಿ ಬೇಡ, ನೆನೆಸಿದಾಗ ಬಿಡಿಸಿಕೊಳ್ಳುತ್ತದೆ. ಚೆನ್ನಾಗಿ ಒಣಗಿದ್ದನ್ನು 25-30ರ ಕಟ್ಟು ಮಾಡಿ ಅಟ್ಟದಲ್ಲಿ, ಬಚ್ಚಲ ಒಲೆಯ ಹೊಗೆ ತಾಗುವಲ್ಲಿ ಇಟ್ಟರೆ ಮಳೆಗಾಲವನ್ನೂ ದಾಟುತ್ತದೆ. ಹಸಿ ಇರುವಾಗಲೇ ಕಟ್ಟು ಕಟ್ಟಿದಿರೋ, ಆಷಾಢಕ್ಕೆ ಬಿಚ್ಚುವಾಗ ಒಳಗೆಲ್ಲ ಬೂಷ್ಟು.

ಒತ್ತುವ ಮೊದಲು ಬ್ರಶ್ಶಿನಲ್ಲಿ ತಿಕ್ಕಿ ತೊಳೆದು, ಹತ್ತು ಹದಿನೈದು ನಿಮಿಷ ನೀರಲ್ಲಿ ನೆನೆಸಿ, ನೀರು ಬಸಿಯಲು ನಿಲ್ಲಿಸುತ್ತಾರೆ. ಆಮೇಲೆ ಬಿಸಿ ಅಚ್ಚಿನಡಿ ಒಂದು ಒತ್ತು. ಅಂಟು ಇಲ್ಲ, ಬಣ್ಣ ಇಲ್ಲ, ಮೇಣ ಇಲ್ಲ. ತಟ್ಟೆ ತುಂಬ ಬೆಳ್ಳಗೆ ಹೊಳೆಯುತ್ತಿದ್ದರೆ ನನಗೆ ಸಂಶಯ. ಗಂಧಕದ ಹೊಗೆಯೋ ಇನ್ನೇನೋ ಕೊಟ್ಟಿದ್ದೀರಾ ಎಂದು ಬಾಯಿಬಿಟ್ಟು ಕೇಳಿಬಿಡುತ್ತೇನೆ. ಹಾಳೆಯ ಸಹಜ ಬಣ್ಣ ತಿಳಿಗಂದು, ಒಂದರಂತೆ ಇನ್ನೊಂದು ಇರುವುದಿಲ್ಲ.

ಮದ್ದು ಬಿಟ್ಟ ತೋಟದ ಹಾಳೆ

ಇದನ್ನು ಯಾರೂ ಮಾತಾಡುವುದಿಲ್ಲ. ಕೊಳೆರೋಗಕ್ಕೆ ಮಳೆ ಹಿಡಿಯುವ ಮೊದಲು ಒಮ್ಮೆ, ಸುಮಾರು ನಲವತ್ತು ದಿನಕ್ಕೆ ಇನ್ನೊಮ್ಮೆ ಬೋರ್ಡೋ ಬಿಡುತ್ತೇವೆ. ಗೊನೆಗೆ ಬಿಟ್ಟದ್ದು ಹಾಳೆಗೂ ಇಳಿಯುತ್ತದೆ. ಮಳೆಗಾಲದ ಹಾಳೆಗೆ ನೀಲಿ ಬಿಳಿ ಕಲೆ ಇರುವುದನ್ನು ನೋಡಿರುತ್ತೀರಿ. ಅದು ತಟ್ಟೆಗೆ ಬೇಡವೇ ಬೇಡ. ನಾನು ತಟ್ಟೆಗೆಂದು ಹೆಕ್ಕುವುದು ಡಿಸೆಂಬರಿನಿಂದ ಮೇ ಮೊದಲ ಮಳೆಯವರೆಗೆ ಬಿದ್ದದ್ದನ್ನು ಮಾತ್ರ.

ಎಲೆಚುಕ್ಕಿ ರೋಗ ಬಂದ ಮೇಲೆ ಕಷ್ಟ ಇನ್ನೊಂದು. ಪ್ರೊಪಿಕೊನಝೋಲ್‌ನಂಥ ಔಷಧಿಗಳನ್ನು ಈಗ ಸೋಗೆಗೇ ಸಿಂಪಡಿಸುತ್ತಿದ್ದಾರೆ. ಇವು ಎಲೆಯ ಒಳಗೆ ಸೇರುವಂಥವು, ಬ್ರಶ್ಶಿಗೆ ಹೋಗುವಂಥವಲ್ಲ. ಹೀಗೆ ಸಿಂಪಡಿಸಿದ ತೋಟದ ಹಾಳೆಯನ್ನು ಆ ವರ್ಷ ಊಟದ ತಟ್ಟೆಗೂ ಕೊಡಬಾರದು, ದನಕ್ಕೂ ಹಾಕಬಾರದು, ಮರದ ಬುಡಕ್ಕೆ ಮುಚ್ಚಿಗೆ ಮಾಡುವುದೇ ಸರಿ ಎಂದು ನನ್ನ ಮತ. ಯಾವ ತುಂಡಿಗೆ ಯಾವ ದಿನ ಏನು ಬಿಟ್ಟದ್ದು ಎಂದು ಕ್ಯಾಲೆಂಡರಿನಲ್ಲಿ ಗೀಚಿಡಿ. ಅಮೆರಿಕದ ಬಾಗಿಲು ಮತ್ತೆ ತೆರೆದರೂ, ಬೆಂಗಳೂರಿನವರೇ ಕೊಳ್ಳುವುದಾದರೂ, ನಾಳೆ ಕೇಳುವ ಮೊದಲ ಪ್ರಶ್ನೆ ಇದೇ. ಘಟಕದವರು ಈಗ ಕೇಳುತ್ತಿಲ್ಲ. ಕೇಳದಿದ್ದರೂ ಹೇಳಿಯೇ ಕೊಡಬೇಕು.

ಬಾಳೆಎಲೆ ಇರುವಾಗ ಹಾಳೆ ಯಾಕೆ?

ಒಳ್ಳೆಯ ಪ್ರಶ್ನೆ. ಕೂತು ಉಣ್ಣುವುದಾದರೆ ಬೇಡವೇ ಬೇಡ, ಬಾಳೆಎಲೆಗೆ ಸಾಟಿ ಇಲ್ಲ. ಮನೆಯವರೇ ಹತ್ತಿಪ್ಪತ್ತು ಜನ ಅಂದರೆ ಸ್ಟೀಲಿನ ತಟ್ಟೆ ತೊಳೆದರಾಯಿತು. ನಿಂತು ಉಣ್ಣುವವರ ಕೈಗೆ ಗಟ್ಟಿ ತಟ್ಟೆ ಬೇಕು, ಅಲ್ಲಿ ಹಾಳೆ. ಅದರ ಮೇಲೆ ಬಾಳೆಎಲೆಯನ್ನು ವೃತ್ತಾಕಾರ ಕತ್ತರಿಸಿ ಹಾಸಿಬಿಡಿ. ಎಲೆಯನ್ನು ಬೆಂಕಿಯಲ್ಲಿ ಸ್ವಲ್ಪ ಬಾಡಿಸಿದರೆ ಹರಿಯದೆ ಕೂರುತ್ತದೆ. ಸಾರು ಹಾಳೆಗೆ ತಾಗುವುದು ಕಡಿಮೆಯಾಗುತ್ತದೆ, ಎಫ್‌ಡಿಎ ಎತ್ತಿದ ಸಂಶಯಕ್ಕೆ ಸದ್ಯ ನಮ್ಮ ಮನೆಮಟ್ಟಿನ ಉತ್ತರ ಅದು. ಪಾಯಸ, ಸಾರು, ಚಾ ಇವಕ್ಕೆ ಸ್ಟೀಲಿನ ಲೋಟವೇ ಇರಲಿ.

ಹಿಂದಿನವರು ಹಾಳೆಯನ್ನು ಬಳಸಿದ ಬಗೆ ನೆನೆಸಿದರೆ ತಟ್ಟೆ ಎಂಬುದು ಅದರ ಒಂದು ಮೂಲೆ ಅಷ್ಟೇ. ಮುಟ್ಟಾಳೆ, ಬೀಸಣಿಗೆ ಎಲ್ಲರಿಗೂ ಗೊತ್ತು. ಸ್ಪ್ರಿಂಕ್ಲರ್ ಬರುವ ಮೊದಲು ಕಣಿಯ ನೀರನ್ನು ಮರದ ಬುಡಕ್ಕೆ ಎರಚುತ್ತಿದ್ದದ್ದು ಹಾಳೆಯಲ್ಲಿ. ಹಸಿಗೂಸನ್ನು ಮಲಗಿಸಿ ಎಣ್ಣೆ ಹಚ್ಚಿ ಮೀಯಿಸುತ್ತಿದ್ದದ್ದೂ ಹಾಳೆಯಲ್ಲೇ. ಬೈಹುಲ್ಲು ಸಿಗದ ಈ ಕಾಲದಲ್ಲಿ, ಮದ್ದು ತಾಗದ ಹಾಳೆಯನ್ನು ಯಂತ್ರದಲ್ಲಿ ಚೂರು ಮಾಡಿ ಹಟ್ಟಿಗೆ ಹಾಕುವವರು ಹೆಚ್ಚುತ್ತಿದ್ದಾರೆ.

ಊಟ ಮುಗಿದ ಮೇಲಿನ ಮಾತೊಂದು ಬಾಕಿ ಇದೆ. ಉಂಡ ತಟ್ಟೆಗಳನ್ನು ಒಂದರೊಳಗೊಂದು ಇಟ್ಟ ಹಾಗೆಯೇ ಗುಂಡಿಗೆ ಸುರಿದರೆ ನೀರು ಒಳಗಿಳಿಯದೆ ತಿಂಗಳುಗಟ್ಟಲೆ ಹಾಗೇ ಇರುತ್ತವೆ. ಕತ್ತಿಯಿಂದ ನಾಲ್ಕು ತುಂಡು ಮಾಡಿ, ನಡುನಡುವೆ ಸಗಣಿ ನೀರು ಚಿಮುಕಿಸಿ, ಮೇಲೆ ಮಣ್ಣು ಎಳೆಯಿರಿ. ಗುಂಡಿಯ ಹತ್ತಿರ ಒಬ್ಬರನ್ನು ನಿಲ್ಲಿಸುವುದು ಒಳ್ಳೆಯದು, ಇಲ್ಲದಿದ್ದರೆ ನೀರಿನ ಬಾಟ್ಲಿ, ಐಸ್‌ಕ್ರೀಮಿನ ಕಪ್ಪು ಎಲ್ಲವೂ ಅದರೊಳಗೆ ಬಂದು ಬೀಳುತ್ತವೆ.