ಅಮೆರಿಕದ ಇತಿಹಾಸಗ್ರಂಥಗಳ ಪ್ರಾಮಾಣ್ಯ

ಪತ್ರ, ದಿನಚರಿ, ಸರಕಾರಿ ಕಡತ ಮೊದಲಾದುವನ್ನು ಮೂಲಸಾಧನಗಳೆಂದೂ, ಅವುಗಳ ಆಧಾರದಿಂದ ಮುಂದಿನವರು ರಚಿಸಿದ ಗ್ರಂಥಗಳನ್ನು ದ್ವಿತೀಯಕ ಸಾಧನಗಳೆಂದೂ ವಿಂಗಡಿಸುವುದು ಇತಿಹಾಸಜ್ಞರ ರೂಢಿ. ಅಮೆರಿಕದಿಂದ ದೂರವಿರುವ ವ್ಯಾಸಂಗಿಗೆ ಎರಡನೆಯ ಬಗೆಯವೇ ಮುಖ್ಯ ಆಸರೆ. ಆ ದೇಶದ ಆಧುನಿಕ ಚರಿತ್ರೆಯನ್ನು ಕುರಿತ ಪುಸ್ತಕಗಳ ರಾಶಿಯೋ ಅಪಾರವಾದುದು. ಇವುಗಳಲ್ಲಿ ಯಾವುದನ್ನು ನೆಚ್ಚಬೇಕು? ಲೇಖಕನ ಪದವಿಯನ್ನೂ ಪ್ರಕಾಶಕರ ಹೆಸರನ್ನೂ ನೋಡಿ ತೃಪ್ತರಾಗುವವರೇ ಹೆಚ್ಚು. ಈ ಅಳತೆಗೋಲು ಎಷ್ಟು ಮೋಸಮಾಡಬಲ್ಲುದೆಂಬುದನ್ನು, ಅಂತರ್ಯುದ್ಧದ ತರುವಾಯ ಬಂದ ಪುನರ್ನಿರ್ಮಾಣ ಕಾಲದ (1865-77) ಚರಿತ್ರೆಯನ್ನು ವಿದ್ವಾಂಸರು ಬರೆದ ಬಗೆಯಿಂದ ತಿಳಿಯಬಹುದು.

ಆ ಕಾಲದಲ್ಲಿ ದಾಸ್ಯದಿಂದ ಬಿಡುಗಡೆ ಹೊಂದಿದ ಕಪ್ಪುಜನರು ದಕ್ಷಿಣದ ರಾಜ್ಯಗಳಲ್ಲಿ ಮತವಿತ್ತರು, ಶಾಸನಸಭೆಗಳಲ್ಲಿ ಕುಳಿತರು. ಕೊಲಂಬಿಯ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ವಿಲಿಯಂ ಡನ್ನಿಂಗ್ 1907ರಲ್ಲಿ ಪ್ರಕಟಿಸಿದ ಗ್ರಂಥವೂ, ಆತನ ಶಿಷ್ಯರು ಒಂದೊಂದು ರಾಜ್ಯವನ್ನು ಕುರಿತು ಬರೆದ ಪ್ರಬಂಧಗಳೂ ಇದನ್ನೆಲ್ಲ ಬಹುಮಟ್ಟಿಗೆ ಅಜ್ಞಾನ ಮತ್ತು ಭ್ರಷ್ಟತೆಗಳ ಕಥೆಯನ್ನಾಗಿ ಚಿತ್ರಿಸಿದುವು. ಡನ್ನಿಂಗ್ ಸಾಮಾನ್ಯನಲ್ಲ, 1913ರಲ್ಲಿ ಅಮೆರಿಕದ ಇತಿಹಾಸ ಸಂಘದ ಅಧ್ಯಕ್ಷನಾಗಿದ್ದವನು. ಆ ಗ್ರಂಥಗಳಲ್ಲಿ ಅಡಿಟಿಪ್ಪಣಿಗಳಿಗೂ ಕೊರತೆಯಿರಲಿಲ್ಲ. ಆದರೆ ಬಿಡುಗಡೆ ಹೊಂದಿದವರ ಸಾಕ್ಷ್ಯಕ್ಕೆ ಅಲ್ಲಿ ಬೆಲೆಯೇ ಇರಲಿಲ್ಲ.

ಇದಕ್ಕೆ ಪ್ರತಿವಾದ ಆಗಲೇ ಹುಟ್ಟಿತ್ತು. ಕಪ್ಪುಜನಾಂಗದ ವಿದ್ವಾಂಸ ಡಬ್ಲ್ಯು. ಇ. ಬಿ. ಡುಬಾಯ್ಸ್ 1910ರಲ್ಲಿಯೇ ಆ ಸಂಘದ ಪತ್ರಿಕೆಯಲ್ಲಿ ಪುನರ್ನಿರ್ಮಾಣದ ಪ್ರಯೋಜನಗಳನ್ನು ಕುರಿತು ಲೇಖನ ಬರೆದರು. 1935ರಲ್ಲಿ ಅವರ ಬೃಹದ್ಗ್ರಂಥ ಹೊರಬಂದಾಗ ಅದೇ ಪತ್ರಿಕೆ ಅದರ ವಿಮರ್ಶೆಯನ್ನೇ ಪ್ರಕಟಿಸಲಿಲ್ಲ! ಗ್ರಂಥದ ಕೊನೆಯ ಅಧ್ಯಾಯದಲ್ಲಿ ಅವರು ಶಾಲಾಪಠ್ಯಗಳನ್ನೂ ವಿದ್ವದ್ಗ್ರಂಥಗಳನ್ನೂ ಹೆಸರಿಸಿ ಪರೀಕ್ಷಿಸಿದ್ದಾರೆ. ದ್ವಿತೀಯಕ ಸಾಧನಗಳನ್ನು ಹೇಗೆ ಶೋಧಿಸಬೇಕೆಂಬುದನ್ನು ಕಲಿಯಬಯಸುವವರು ಈ ಒಂದು ಅಧ್ಯಾಯವನ್ನಾದರೂ ಓದತಕ್ಕದ್ದು. ಡುಬಾಯ್ಸ್‌ರ ಗ್ರಂಥವೂ ನಿರ್ದುಷ್ಟವಲ್ಲ. ಅದು ಹೆಚ್ಚಾಗಿ ಮುದ್ರಿತ ಸಾಮಗ್ರಿಯನ್ನೇ ಅವಲಂಬಿಸಿದೆ. ಅಂದು ದಕ್ಷಿಣದ ಪತ್ರಾಗಾರಗಳ ಸ್ಥಿತಿ ಹೇಗಿತ್ತೆಂದರೆ, 1939ರಲ್ಲಿ ಜಾನ್ ಹೋಪ್ ಫ್ರಾಂಕ್ಲಿನ್ ಎಂಬ ಕಪ್ಪುಜನಾಂಗದ ಸಂಶೋಧಕರು ಉತ್ತರ ಕೆರೊಲಿನದ ಪತ್ರಾಗಾರಕ್ಕೆ ಹೋದಾಗ ಅವರಿಗಾಗಿ ಬೇರೆಯೇ ಒಂದು ಕೋಣೆಯನ್ನು ಅಣಿಮಾಡಬೇಕಾಯಿತು.

1961ರಲ್ಲಿ ಫ್ರಾಂಕ್ಲಿನ್, 1965ರಲ್ಲಿ ಕೆನೆತ್ ಸ್ಟ್ಯಾಂಪ್ ಹಳೆಯ ಚಿತ್ರವನ್ನು ತಿದ್ದಿದರು. 1988ರಲ್ಲಿ ಎರಿಕ್ ಫೋನರ್ ವಿಪುಲವಾದ ದಾಖಲೆಗಳಿಂದ ಬಿಡುಗಡೆ ಹೊಂದಿದವರನ್ನೇ ಕಥೆಯ ಮಧ್ಯದಲ್ಲಿ ನಿಲ್ಲಿಸಿದರು. ಫೋನರ್ ಬೋಧಿಸುತ್ತಿದ್ದುದೂ ಡನ್ನಿಂಗನ ಕೊಲಂಬಿಯದಲ್ಲಿಯೇ ಎಂಬುದು ಕುತೂಹಲದ ಸಂಗತಿ.

ಆದುದರಿಂದ ಒಂದು ಗ್ರಂಥ ಕೈಗೆ ಬಂದೊಡನೆ ಮೊದಲು ಅದರ ವರ್ಷವನ್ನೂ, ಬಳಿಕ ಅದು ಯಾರ ಸಾಕ್ಷ್ಯವನ್ನು ಕೇಳಿದೆ, ಯಾರದನ್ನು ಬಿಟ್ಟಿದೆ ಎಂಬುದನ್ನೂ ನೋಡಬೇಕು. ಇತರ ವಿದ್ವಾಂಸರು ಅದನ್ನು ಹೇಗೆ ಬರಮಾಡಿಕೊಂಡರೆಂಬುದು ವಿಮರ್ಶೆಗಳಿಂದ ತಿಳಿಯುತ್ತದೆ; 1973ರಲ್ಲಿ ಆರಂಭವಾದ 'ರಿವ್ಯೂಸ್ ಇನ್ ಅಮೆರಿಕನ್ ಹಿಸ್ಟರಿ' ಪತ್ರಿಕೆ ಈ ಕಾರ್ಯಕ್ಕೇ ಮೀಸಲಾದುದು. ಮೊದಲ ಹೆಜ್ಜೆಗೆ ಆಕ್ಸ್‌ಫರ್ಡ್ ಇತಿಹಾಸಮಾಲೆಯ ಸಂಪುಟಗಳು ಅನುಕೂಲ: 1865ರಿಂದ 1896ರವರೆಗಿನ ಕಾಲಕ್ಕೆ ರಿಚರ್ಡ್ ವೈಟ್ (2017), 1929ರಿಂದ 1945ರವರೆಗೆ ಡೇವಿಡ್ ಕೆನಡಿ (1999), ಅಲ್ಲಿಂದ 1974ರವರೆಗೆ ಜೇಮ್ಸ್ ಪ್ಯಾಟರ್ಸನ್ (1996). ಇವುಗಳ ಕೊನೆಗಿರುವ ಗ್ರಂಥಸಮೀಕ್ಷೆಯನ್ನು ಮೊದಲು ಓದಿದರೂ ತಪ್ಪಿಲ್ಲ.